ದೆವ್ವ ಜಪಾನಿನದು, ದನಿ ಯಾವ ಭಾಷೆಯದು?

ಜಪಾನಿನ ಅನಿಮೆ ಎಂದರೆ ಚಿಕ್ಕ ಮಕ್ಕಳ ಕಾರ್ಟೂನ್ ಎಂದು ತಿಳಿದವರು ಈಗಲೂ ಬಹಳ ಮಂದಿ ಇದ್ದಾರೆ. ಅಂಥವರ ಮನೆಯಲ್ಲೇ ಹೈಸ್ಕೂಲು, ಕಾಲೇಜು ಓದುವ ಹುಡುಗ ಹುಡುಗಿಯರು ಮೊಬೈಲ್ ಹಿಡಿದುಕೊಂಡು, ಅದನ್ನು ಜಪಾನಿ ಭಾಷೆಯಲ್ಲೇ ನೋಡಬೇಕೋ ಡಬ್ ಆದದ್ದನ್ನು ನೋಡಬೇಕೋ ಎಂದು ವಾದ ಮಾಡುತ್ತಿರುತ್ತಾರೆ. ಹೊರಗಿನವರಿಗೆ ಇದು ಹುಡುಗಾಟಿಕೆಯ ಜಗಳ. ಆದರೆ ಎರಡು ಮೂರು ಭಾಷೆಗಳ ನಡುವೆ ಬದುಕುವ ಗಡಿನಾಡಿನವರಿಗೆ ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ.

ಈ ಜಗಳಕ್ಕೆ ಒಳ್ಳೆಯ ಉದಾಹರಣೆ 'ಜುಜುತ್ಸು ಕೈಸೆನ್ 0'. ಮಾಪ್ಪಾ ಸ್ಟುಡಿಯೋ ತಯಾರಿಸಿ, ಪಾರ್ಕ್ ಸುಂಗ್‌ಹೂ ನಿರ್ದೇಶಿಸಿದ 105 ನಿಮಿಷಗಳ ಈ ಚಿತ್ರ 2021ರ ಡಿಸೆಂಬರ್ 24ರಂದು ಜಪಾನಿನಲ್ಲಿ ತೆರೆಕಂಡಿತು. ಅಲ್ಲಿ 1,300 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಕಥೆಯ ಕೊನೆಯ ಕಾಳಗ ನಡೆಯುವುದೂ ಡಿಸೆಂಬರ್ 24ರ ರಾತ್ರಿಯೇ. ದಿನ ಹೊಂದಿಸಿಕೊಂಡು ಬಿಡುಗಡೆ ಮಾಡುವ ವ್ಯಾಪಾರದ ಜಾಣತನ ಅವರಿಗೂ ಇದೆ! 2026ರ ಜನವರಿಯಲ್ಲಿ ಇದೇ ಕಥೆಯ ಕಿರುತೆರೆ ಸರಣಿಯ ಮೂರನೇ ಭಾಗ ಶುರುವಾಗಿ, ಚಿತ್ರದ ನಾಯಕ ಅಲ್ಲಿ ಮತ್ತೆ ಮುಖ್ಯ ಪಾತ್ರವಾಗಿದ್ದಾನೆ. ಹಾಗಾಗಿ ಹಳೆಯ ಚಿತ್ರದ ಮಾತು ಈಗ ಮತ್ತೆ ಏಳುವುದು ಸಹಜ.

ಕಥೆ ಇಷ್ಟು. ಯೂತಾ ಒಕ್ಕೊತ್ಸು ಅಂಜುಬುರುಕ ಹುಡುಗ. ದೊಡ್ಡವರಾದ ಮೇಲೆ ಮದುವೆಯಾಗೋಣ ಎಂದು ಚಿಕ್ಕಂದಿನಲ್ಲಿ ಮಾತಾಡಿಕೊಂಡಿದ್ದ ಗೆಳತಿ ರಿಕಾ ಅವನ ಕಣ್ಣೆದುರೇ ರಸ್ತೆ ಅಪಘಾತದಲ್ಲಿ ಸತ್ತಳು. ಸತ್ತವಳು ಬಿಟ್ಟು ಹೋಗಲಿಲ್ಲ. ಭೀಕರ ರೂಪ ತಾಳಿ ಅವನಿಗೆ ಅಂಟಿಕೊಂಡಳು. ಅವನ ಮೈಮುಟ್ಟಲು ಬಂದವರನ್ನು ಅವಳು ಉಳಿಸುವುದಿಲ್ಲ. ಇಂಥ ಹುಡುಗನನ್ನು ಮಾಂತ್ರಿಕ ವಿದ್ಯೆ ಕಲಿಸುವ ಶಾಲೆಗೆ ಕರೆತರುತ್ತಾರೆ. ಗಾಳಿ ಸೋಕು, ಪೀಡೆ, ಬಾಧೆ ಎಂಬ ಮಾತುಗಳನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿ ಬೆಳೆದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು.

ಇದು ಪೂರ್ವಕಥೆ. ಮುಖ್ಯ ಕಥೆಗೆ ಸುಮಾರು ಒಂದು ವರ್ಷ ಮುಂಚೆ ನಡೆಯುವಂಥದ್ದು. ಆದರೆ ಮೊದಲು ಬರೆದದ್ದೂ ಇದನ್ನೇ. ಲೇಖಕ ಗೇಗೇ ಅಕುತಾಮಿ 2017ರಲ್ಲಿ ನಾಲ್ಕು ಕಂತುಗಳ ಒಂದು ಚಿತ್ರಕಥೆ ಬರೆದರು. ಅದು ಓದುಗರಿಗೆ ಹಿಡಿಸಿತು. 2018ರ ಮಾರ್ಚ್‌ನಲ್ಲಿ ದೊಡ್ಡ ಕಥೆ ಶುರುವಾಗಿ 2024ರ ಸೆಪ್ಟೆಂಬರ್‌ವರೆಗೆ ನಡೆಯಿತು. ದೊಡ್ಡದು ಬೆಳೆದ ಮೇಲೆ ಚಿಕ್ಕದಕ್ಕೆ 'ಸೊನ್ನೆ' ಎಂಬ ಸಂಖ್ಯೆ ಕೊಟ್ಟು ಹಿಂದಕ್ಕೆ ಕೂರಿಸಿದರು. ಅಂದರೆ ತಮ್ಮ ದೊಡ್ಡವನಾದ ಮೇಲೆ ಅಣ್ಣನಿಗೆ ನಾಮಕರಣ ಆದಂತೆ.

ನೋಡುಗರ ಅಭಿಪ್ರಾಯ ಎರಡಾಗುವುದು ಮೊದಲು ಇಲ್ಲೇ. ಏನೂ ಗೊತ್ತಿಲ್ಲದವರೂ ಈ ಚಿತ್ರದಿಂದಲೇ ಆರಂಭಿಸಬಹುದು, ಕಥೆ ತಾನಾಗಿ ನಿಲ್ಲುತ್ತದೆ ಎನ್ನುತ್ತಾರೆ ಒಂದು ಗುಂಪಿನವರು. ಮೂಲದಲ್ಲಿ ಇಲ್ಲದ ಕಾಳಗಗಳನ್ನು ಸೇರಿಸಿ, ಕಿರುತೆರೆಯ ಪರಿಚಿತ ಪಾತ್ರಗಳನ್ನು ತಂದು ನಿಲ್ಲಿಸಿದ್ದಾರೆ, ಹೊಸಬರಿಗೆ ಅವರು ಯಾರೆಂದೇ ತಿಳಿಯದು ಎಂದು ಇನ್ನೊಂದು ಗುಂಪಿನ ಆಕ್ಷೇಪ. ಖಳನಾಯಕ ಸುಗುರು ಗೆತೋ ಯಾಕೆ ಹಾಗಾದ ಎಂಬುದನ್ನು ಚಿತ್ರ ಅವಸರದಲ್ಲಿ ಹೇಳಿ ಮುಗಿಸುತ್ತದೆ ಎಂಬ ದೂರೂ ಇದೆ. ಈ ದೂರು ನ್ಯಾಯವಾದದ್ದೇ. ಅವನ ಹಿನ್ನೆಲೆ ಸರಿಯಾಗಿ ತೆರೆಗೆ ಬಂದದ್ದು 2023ರ ಜುಲೈಯಲ್ಲಿ, ಕಿರುತೆರೆಯ ಎರಡನೇ ಭಾಗದಲ್ಲಿ. ಚಿತ್ರಮಂದಿರದಲ್ಲಿ ದುಡ್ಡು ಕೊಟ್ಟು ಕೂತವನು ಒಂದೂವರೆ ವರ್ಷ ಕಾಯಬೇಕಾಯಿತು.

ದನಿಯ ನೆನಪು

ಹೆಚ್ಚು ಕಾವೇರುವುದು ದನಿಯ ವಿಷಯಕ್ಕೆ. ಜಪಾನಿ ಭಾಷೆಯಲ್ಲಿ ಯೂತಾಗೆ ದನಿ ಕೊಟ್ಟವರು ಮೆಗುಮಿ ಒಗಾತಾ ಎಂಬ ಕಲಾವಿದೆ. 1965ರಲ್ಲಿ ಹುಟ್ಟಿದವರು. ಐವತ್ತು ದಾಟಿದ ಹೆಂಗಸು ಹದಿಹರೆಯದ ಹುಡುಗನಿಗೆ ದನಿ ಕೊಡುವುದು ಅಲ್ಲಿ ಹೊಸತೇನಲ್ಲ. 1995ರ 'ಇವಾಂಗೆಲಿಯನ್' ಸರಣಿಯ ಶಿಂಜಿ ಎಂಬ ಅಳುಕಿನ ಹುಡುಗನ ದನಿಯೂ ಇವರದೇ. ಆ ಸರಣಿಯ ಕೊನೆಯ ಚಿತ್ರ ಬಂದದ್ದು 2021ರ ಮಾರ್ಚ್‌ನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ದನಿ ಯೂತಾನ ಬಾಯಲ್ಲಿ ಕೇಳಿಸಿತು. 'ಇದು ಶಿಂಜಿಯೇ ಆಯಿತಲ್ಲ' ಎಂದು ಮೂಗು ಮುರಿದವರುಂಟು. 'ಅದಕ್ಕೇ ಇಷ್ಟು ಚೆನ್ನಾಗಿದೆ' ಎಂದವರೂ ಉಂಟು.

ಅಮೆರಿಕದಲ್ಲಿ 2022ರ ಮಾರ್ಚ್ 18ರಂದು ಚಿತ್ರ ಎರಡು ರೂಪದಲ್ಲಿ ಬಂತು. ಒಂದು ಜಪಾನಿ ದನಿ, ಇಂಗ್ಲಿಷ್ ಅಡಿಬರಹ. ಇನ್ನೊಂದು ಇಂಗ್ಲಿಷ್ ಡಬ್ಬಿಂಗ್. ಇಂಗ್ಲಿಷಿನಲ್ಲಿ ಯೂತಾನ ದನಿ ಕೇಲೀ ಮೆಕ್ಕೀ ಎಂಬ ಕಲಾವಿದೆಯದು. ಅಲ್ಲಿಯ ಪ್ರೇಕ್ಷಕರಲ್ಲಿ ಹಲವರು ಅದನ್ನು ಮೆಚ್ಚಿದರು. ಡಬ್ಬಿಂಗ್ ನೋಡಿದವರಿಗೆ ಶಿಂಜಿಯ ನೆನಪು ಬರಲು ಕಾರಣವಿಲ್ಲ. ಅವರಿಗೆ ಯೂತಾ ಹೊಸ ಹುಡುಗ. ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾತನ್ನು ಸಾಗಿಸಬಹುದು, ಒಂದು ದನಿಯ ಜೊತೆ ಜನ ಇಪ್ಪತ್ತೈದು ವರ್ಷ ಕಟ್ಟಿಕೊಂಡ ನೆನಪನ್ನು ಸಾಗಿಸಲಾಗದು. ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ರಾಜಕುಮಾರರದ್ದೇ ಎಂಬಂತೆ ವರ್ಷಗಟ್ಟಲೆ ಕೇಳಿದ ಕನ್ನಡಿಗರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಡಬ್ಬಿಂಗ್ ವಿರೋಧಿಗಳ ದೊಡ್ಡ ಅಸ್ತ್ರ 'ಮೂಲ ದನಿ' ಎಂಬುದು. ಆದರೆ ಅನಿಮೆಯಲ್ಲಿ ಮೂಲ ದನಿಯೂ ಸಾಮಾನ್ಯವಾಗಿ ಆಮೇಲೆ ಕೂರಿಸಿದ್ದೇ. ಜಪಾನಿನಲ್ಲಿ ಇದಕ್ಕೆ 'ಅಫುರೆಕೊ' ಎನ್ನುತ್ತಾರೆ. 'ಆಫ್ಟರ್ ರೆಕಾರ್ಡಿಂಗ್' ಎಂಬ ಇಂಗ್ಲಿಷ್ ಮಾತನ್ನು ಮೊಟಕು ಮಾಡಿದ್ದು. ಚಿತ್ರ ಓಡುತ್ತಿರುವಾಗ ಕಲಾವಿದರು ಮೈಕಿನ ಮುಂದೆ ನಿಂತು ಮಾತಾಡುತ್ತಾರೆ. ತುಟಿಯ ಚಲನೆಯೂ ಬರೆದದ್ದೇ, ಕೆಲವೇ ಆಕಾರಗಳಲ್ಲಿ ತೆರೆದು ಮುಚ್ಚುವಂಥದ್ದು. ನಿಜವಾದ ನಟನ ಬಾಯಿಗೆ ಬೇರೆ ಭಾಷೆ ತುರುಕುವ ಕಷ್ಟ ಇಲ್ಲಿ ಅಷ್ಟಿಲ್ಲ.

ಅಡಿಬರಹವೇ ಸಾಕು ಎನ್ನುವವರು ಒಂದನ್ನು ಮರೆಯುತ್ತಾರೆ. ಕ್ಷಣದಲ್ಲಿ ಬಂದು ಹೋಗುವ ಇಂಗ್ಲಿಷ್ ಸಾಲುಗಳನ್ನು ಓದುತ್ತ ಚಿತ್ರವನ್ನೂ ನೋಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ಮಗನ ಪಕ್ಕ ಕೂತ ತಾಯಿಗೂ ಕಥೆ ತಿಳಿಯಬೇಕಾದರೆ ಕಿವಿಗೆ ಬೀಳುವ ಭಾಷೆ ಬೇಕು.

ಅನ್ನದ ಉಂಡೆಯ ಭಾಷೆ

ಹಾಗೆಂದು ಡಬ್ಬಿಂಗ್ ಸುಲಭದ ಕೆಲಸ ಎಂದಲ್ಲ. ಈ ಚಿತ್ರದ ತೊಗೆ ಇನುಮಾಕಿ ಎಂಬ ಹುಡುಗನನ್ನೇ ನೋಡಿ. ಅವನು ಆಡಿದ್ದೆಲ್ಲ ಆಗಿಬಿಡುತ್ತದೆ. 'ನಿಲ್ಲು' ಎಂದರೆ ಎದುರಿನವನು ನಿಂತೇಬಿಡುತ್ತಾನೆ. ಯಾರಿಗೂ ಕೇಡಾಗಬಾರದೆಂದು ಅವನು ದಿನನಿತ್ಯದ ಮಾತನ್ನೇ ಬಿಟ್ಟು, ಜಪಾನೀಯರ ಅನ್ನದ ಉಂಡೆಯೊಳಗೆ ತುಂಬುವ ಪದಾರ್ಥಗಳ ಹೆಸರನ್ನಷ್ಟೇ ಹೇಳುತ್ತಾನೆ. 'ಶಾಕೆ' ಎಂದರೆ ಸಾಲ್ಮನ್ ಮೀನು. ಅವನ ಬಾಯಲ್ಲಿ ಅದು 'ಹೌದು'. 'ಒಕಾಕಾ' ಎಂದರೆ ಒಣಮೀನಿನ ಚೂರು, ಅದು 'ಬೇಡ'. ಇಂಗ್ಲಿಷಿನವರು ಪದಾರ್ಥದ ಹೆಸರುಗಳನ್ನೇ ಅನುವಾದಿಸಿಬಿಟ್ಟರು. ಜಪಾನಿಯಲ್ಲಿ ಊಟದ ಡಬ್ಬಿಯ ಮಾತಿನಂತೆ ಕೇಳಿಸಿದ್ದು ಇಂಗ್ಲಿಷಿನಲ್ಲಿ ವಿಚಿತ್ರವಾಗಿ ಕೇಳಿಸುತ್ತದೆ ಎಂದು ಕೆಲವರು, ನಗು ಬರಲು ಅದೇ ಸರಿ ಎಂದು ಕೆಲವರು. ಕನ್ನಡದಲ್ಲಾದರೆ ಏನು ಮಾಡಬಹುದಿತ್ತು? ಜತ್ತ, ಅಕ್ಕಲಕೋಟೆ ಕಡೆಯವರು 'ಶೇಂಗಾ ಹಿಂಡಿ' ಎನ್ನಿಸಿಯಾರು, ತಾಳವಾಡಿಯವರು 'ಉಪ್ಸಾರು' ಎಂದಾರು. ಮೀನನ್ನೇ ಉಳಿಸಿ ಎಂದು ಕಾಸರಗೋಡಿನವರು ಪಟ್ಟು ಹಿಡಿದಾರು.

ಇದಕ್ಕಿಂತ ಕಷ್ಟದ್ದು 'ನೊರೊಯಿ' ಎಂಬ ಪದ. ನಿಘಂಟಿನಲ್ಲಿ ಅರ್ಥ ಶಾಪ. ಕನ್ನಡದಲ್ಲಿ ಶಾಪ ಎಂದರೆ ಕಮಂಡಲ ಹಿಡಿದ ಋಷಿಯ ನೆನಪಾಗುತ್ತದೆ. ಈ ಕಥೆಯಲ್ಲಿ ಅದು ಜನರ ಭಯ, ದ್ವೇಷ, ಕೊರಗು ಒಟ್ಟುಗೂಡಿ ಮೈತಳೆದದ್ದು. ಪ್ರೀತಿಯೂ ಹಾಗೆ ಕಟ್ಟಿಹಾಕಬಲ್ಲದು ಎಂಬ ಎಳೆಯ ಮೇಲೆ ಇಡೀ ಚಿತ್ರ ನಿಂತಿದೆ. 'ಶಾಪ' ಎಂದರೆ ಅರ್ಧ ಹೋಯಿತು, 'ಪೀಡೆ' ಎಂದರೆ ಇನ್ನರ್ಧ ಹೋಯಿತು. ಇಂಥಲ್ಲಿ ಕೂಲಿಗೆ ಪುಟ ತುಂಬಿಸುವ ಅನುವಾದಕ ಸೋಲುತ್ತಾನೆ. ಎರಡು ಭಾಷೆಯ ಹಳ್ಳಿಯಲ್ಲಿ ಬೆಳೆದವನು ಗೆಲ್ಲಲೂಬಹುದು.

ಆದರೆ ಅವನನ್ನು ಕರೆಯುವವರು ಯಾರು? 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಎಂಬ ಇನ್ನೊಂದು ಅನಿಮೆ ಚಿತ್ರ 2025ರ ಸೆಪ್ಟೆಂಬರ್ 12ರಂದು ಭಾರತದ ಚಿತ್ರಮಂದಿರಗಳಿಗೆ ಬಂದಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿತ್ತು. ಕನ್ನಡ ಇರಲಿಲ್ಲ, ಮಲಯಾಳವೂ ಇರಲಿಲ್ಲ. ಅನಿಮೆಗಳನ್ನು ಹಂಚುವ ಕ್ರಂಚಿರೋಲ್ ಕಂಪನಿಯ ಪ್ರಚಾರಕ್ಕೆ ನಿಂತವರಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಇದ್ದಾರೆ. ಮುಖ ಕನ್ನಡ ನಾಡಿನದು, ದನಿಯಲ್ಲಿ ಮಾತ್ರ ಕನ್ನಡವಿಲ್ಲ. ಇಪ್ಪತ್ತು ದಿನ ಕಳೆದು, ಅಕ್ಟೋಬರ್ 2ರಂದು ಕನ್ನಡದ್ದೇ ಒಂದು ಪೂರ್ವಕಥೆ 'ಕಾಂತಾರ: ಅಧ್ಯಾಯ 1' ತೆರೆಗೆ ಬಂತು. ಹಿಂದಿ, ತಮಿಳು, ತೆಲುಗು, ಮಲಯಾಳಗಳಿಗೆ ಡಬ್ ಆಗಿ ಹೋಯಿತು, ತಿಂಗಳ ಕೊನೆಗೆ ಇಂಗ್ಲಿಷಿಗೂ. ಹೊರಗೆ ಕಳಿಸುವಾಗ ಇರುವ ಉತ್ಸಾಹ ಒಳಗೆ ತರುವಾಗ ಕಾಣುವುದಿಲ್ಲ.

ಇದಕ್ಕೆ ಹಳೆಯ ಕಾರಣವಿದೆ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ಹೊರಗಿಟ್ಟಿತ್ತು. ಆಗ ಕನ್ನಡ ಚಿತ್ರಗಳನ್ನು ಉಳಿಸಿಕೊಳ್ಳಲು ಅದು ಬೇಕಾಗಿದ್ದಿರಬಹುದು. 2012ರಲ್ಲಿ ಅಮೀರ್ ಖಾನ್ ಅವರ 'ಸತ್ಯಮೇವ ಜಯತೇ' ಕೂಡ ವಿರೋಧದಿಂದಾಗಿ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲ ಎಂದಿತು. 2017ರ ಮಾರ್ಚ್‌ನಲ್ಲಿ ತಮಿಳಿನ 'ಎನ್ನೈ ಅರಿಂದಾಲ್' ಚಿತ್ರ 'ಸತ್ಯದೇವ್ ಐಪಿಎಸ್' ಆಗಿ ಬಂತು. 2022ರ ಡಿಸೆಂಬರಿನಲ್ಲಿ ಹಾಲಿವುಡ್ಡಿನ ಎರಡನೇ 'ಅವತಾರ್' ಚಿತ್ರ ಕನ್ನಡದಲ್ಲೇ ಬಿಡುಗಡೆಯಾಯಿತು. ಕಂಠದಾನ ಮಾಡುವವರೂ ಇದ್ದಾರೆ, ಸ್ಟುಡಿಯೋಗಳೂ ಇವೆ.

ಉಳಿದದ್ದು ಲೆಕ್ಕದ ಮಾತು. ಮಡಕಶಿರಾದ ಹುಡುಗಿ ಪಟ್ಟಿಯಲ್ಲಿ ಕನ್ನಡ ಕಾಣದೆ ತೆಲುಗು ಒತ್ತುತ್ತಾಳೆ. ತಾಳವಾಡಿ, ಹೊಸೂರಿನ ಹುಡುಗ ತಮಿಳು ಒತ್ತುತ್ತಾನೆ. ಸೊಲ್ಲಾಪುರದವನು ಹಿಂದಿ. ಅವರಿಗೆ ಇದರಿಂದ ತೊಂದರೆಯಿಲ್ಲ, ಆ ಭಾಷೆಗಳೂ ಅವರವೇ. ಆದರೆ ಮನೆಮಾತು ಏನೆಂದು ಕೇಳುವ ಗುಂಡಿ ಅಲ್ಲಿಲ್ಲ. ಒತ್ತಿದ ಭಾಷೆಯ ಖಾತೆಗೆ ಅವರು ಸೇರುತ್ತಾರೆ. ಮುಂದಿನ ಚಿತ್ರವನ್ನು ಯಾವ ಭಾಷೆಗೆ ಡಬ್ ಮಾಡಬೇಕೆಂದು ಕಂಪನಿಯವರು ಕೂತು ಲೆಕ್ಕ ಹಾಕುವಾಗ, ತೆಲುಗಿಗೆ ಒಬ್ಬಳು ಹೆಚ್ಚು, ತಮಿಳಿಗೆ ಒಬ್ಬ ಹೆಚ್ಚು. ಕನ್ನಡದ ಎದುರು ಈ ಚಿತ್ರದ ಹೆಸರಿನಲ್ಲಿರುವ ಅಂಕಿಯೇ ನಿಂತಿರುತ್ತದೆ.