ಬಂಡೆಗಿರುವ ಕಾವಲು ಮರಕ್ಕೇಕಿಲ್ಲ?

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ದೊರೆತ ಶಾಸನವು, ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದಕ್ಕೆ ಹೆಸರು ಹೇಳಿ ಸಾಕ್ಷ್ಯ ನುಡಿಯಿತು. ಆ ಕಲ್ಲನ್ನು ನಾವು ಹೆಮ್ಮೆಯಿಂದ ಕಾಪಾಡುತ್ತಿದ್ದೇವೆ. ಅದು ಯೋಗ್ಯವೇ ಸರಿ. ಆದರೆ ಅದೇ ಅರಸನು ತನ್ನ ಸ್ತಂಭಶಾಸನಗಳಲ್ಲಿ, ದಾರಿಗಳ ಬದಿಗೆ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಬೆಳೆಸಿದೆನೆಂದೂ, ನಿಷ್ಕಾರಣವಾಗಿ ಕಾಡಿಗೆ ಬೆಂಕಿಯಿಡಕೂಡದೆಂದೂ ಬರೆಯಿಸಿದ್ದಾನೆ. ಕಲ್ಲನ್ನು ಕಾಯ್ದು ಅವನ ಮಾತನ್ನು ಮರೆಯುವುದು ಎಂತಹ ಪರಂಪರಾಭಿಮಾನ?

ರಾಜ್ಯದಲ್ಲಿ ಅತ್ಯಲ್ಪ ಅರಣ್ಯವುಳ್ಳ ಜಿಲ್ಲೆಗಳಲ್ಲಿ ರಾಯಚೂರು ಒಂದು. ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ಬರವನ್ನುಂಡ ನಾಡಿಗೆ ಅನ್ನ ಬಂದುದನ್ನು ನಾವು ಹಳಿಯುವವರಲ್ಲ. ಆದರೆ ಸಾಲಗುಂದದಿಂದ ಮಸ್ಕಿಯವರೆಗೆ ಪ್ರತಿಯೊಂದು ಊರೂ ಕೇಳಿಕೊಳ್ಳತಕ್ಕ ಪ್ರಶ್ನೆಯೊಂದಿದೆ: ನಮ್ಮ ವೃದ್ಧರೂ ಮಕ್ಕಳೂ ಸಂಜೆಯ ಹೊತ್ತು ಅರ್ಧ ಮೈಲಿ ನೆರಳಿನಲ್ಲಿ ಅಡ್ಡಾಡಬಲ್ಲ ತೋಪು ಉಳಿದಿದೆಯೇ? ಉಳಿದಿದ್ದರೆ ಅದನ್ನು ಕಾಯುವವರು ಯಾರು?

ಇದಕ್ಕೆ ದಾರಿಯಿಲ್ಲವೆನ್ನುವಂತಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಹಳೆಯ ಹುಣಸೆ ತೋಪಿದೆ. ಅಲ್ಲಿ ಹುಲಿಯಿಲ್ಲ, ಜಲಪಾತವಿಲ್ಲ. ಇರುವುದು ಶತಮಾನಗಳನ್ನು ಕಂಡ ಮರಗಳು, ನಡುವೆ ಜೀರ್ಣವಾದ ಗುಡಿ. 2007ರಲ್ಲಿ ಅದು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು; ಇಡೀ ದೇಶದಲ್ಲಿ ಆ ಮನ್ನಣೆ ಪಡೆದ ಪ್ರಥಮ ಸ್ಥಳವದು. 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಇಂತಹ ತಾಣಗಳನ್ನು ಘೋಷಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದೆಂದೂ ವಿಧಿಸಿದೆ.

ಆದುದರಿಂದ ಪಂಚಾಯತಿಗಳು ತಮ್ಮ ಎಲ್ಲೆಯೊಳಗಿನ ಹಳೆಯ ತೋಪುಗಳನ್ನೂ ದೇವರ ಬನಗಳನ್ನೂ ಸಾಲುಮರಗಳನ್ನೂ ಮೊದಲು ಪಟ್ಟಿಮಾಡಲಿ. ತೋಪಿನ ನೆಲವನ್ನು ಖಾಲಿ ಜಾಗವೆಂದು ಬಗೆದು ಅಲ್ಲಿ ಕಟ್ಟಡವೆಬ್ಬಿಸುವ ಚಾಳಿಯನ್ನು ಅಧಿಕಾರಿಗಳು ಬಿಡಲಿ. ಹಣವೆಲ್ಲಿ ಎಂಬ ಆಕ್ಷೇಪ ಬಂದೀತು. ನಡೆಯುವವನಿಗೆ ಸಿಮೆಂಟಿನ ಹಾದಿಯೂ ಬಣ್ಣದ ದೀಪವೂ ಬೇಕಿಲ್ಲ. ಮಣ್ಣಿನ ಕಾಲುದಾರಿ, ಕುಡಿಯುವ ನೀರು, ಮರದ ಹೆಸರು ಬರೆದ ಹಲಗೆ, ಇಷ್ಟಾದರೆ ಸಾಕು.

ಪಟ್ಟಣದ ಮಹನೀಯರಿಗೂ ಒಂದು ಮಾತು. ಜನ ನಿತ್ಯ ನಡೆದಾಡುವ ತೋಪಿನಲ್ಲಿ ಕೊಡಲಿಯ ಸದ್ದು ಕೇಳಿಸದೆ ಹೋಗದು. ಯಾರೂ ಕಾಲಿಡದ ತೋಪು ಬೋಳಾದುದು ವರ್ಷ ಕಳೆದರೂ ತಿಳಿಯದು. ಸರಕಾರದ ಕಾವಲುಗಾರನಿಗಿಂತ ಊರವರ ಕಾಲ್ನಡಿಗೆಯೇ ಮರಕ್ಕೆ ದೊಡ್ಡ ರಕ್ಷೆಯೆಂದು ನಾವು ನಂಬುತ್ತೇವೆ.