ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ

ಹಾವು ಸೇಡು ಇಟ್ಟುಕೊಳ್ಳುವ ಪ್ರಾಣಿಯಲ್ಲ, ಹಾಲು ಅದರ ಆಹಾರವೂ ಅಲ್ಲ. ಬಿ.ಎಸ್‌ಸಿ. ಓದಿದ ನನಗೆ ಇಷ್ಟು ತಿಳಿದಿದೆ. ಆದರೆ ಜೀ ಕನ್ನಡ ವಾಹಿನಿಯ ‘ನಾಗಿಣಿ’ಯ ಮೇಲೆ ನನ್ನ ತಕರಾರು ಅದಲ್ಲ. ಕತೆ ಎಂದ ಮೇಲೆ ಹಾವು ಹೆಣ್ಣಾಗಲಿ, ಹೆಣ್ಣು ಹಾವಾಗಲಿ, ಒಪ್ಪಿಕೊಂಡೇ ನೋಡುತ್ತೇವೆ. ಒಪ್ಪಿಸಿದವರು ಕೊಟ್ಟ ಮಾತು ಉಳಿಸಿಕೊಳ್ಳಬೇಕಷ್ಟೆ.

2016ರ ಫೆಬ್ರವರಿಯಲ್ಲಿ ಅದು ಆರಂಭವಾದಾಗ ಫೋರ್ಟಿನ ನಮ್ಮ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಕನ್ನಡಿಗರ ನಡುವೆ ಅದೇ ಮಾತು. ಸೇಡಿಗಾಗಿ ಮಾನವ ರೂಪ ತಾಳಿ ಬಂದ ಅಮೃತಾ ಅರ್ಜುನನಿಗೆ ಮನಸೋಲುತ್ತಾಳೆ. ಸೇಡೋ ಪ್ರೀತಿಯೋ? ಒಳ್ಳೆಯ ಗಂಟು. ಬಿಚ್ಚುವ ಮನಸ್ಸಿದ್ದರೆ ನೂರು ಕಂತು ಧಾರಾಳವಾಗಿ ಸಾಕಿತ್ತು.

ನಮ್ಮ ಮುಂಬಯಿಯಲ್ಲೇ ತಯಾರಾದ ಹಿಂದಿಯ ‘ನಾಗಿನ್’ 2015ರ ನವೆಂಬರಿನಲ್ಲಿ ಹೊರಟು, ಶನಿವಾರ ಭಾನುವಾರ ಮಾತ್ರ ಬಂದು, ಮೊದಲ ಭಾಗವನ್ನು 62 ಕಂತುಗಳಲ್ಲಿ ಮುಗಿಸಿತು. (ಆಮೇಲೆ ಭಾಗದ ಮೇಲೆ ಭಾಗ ಹೆತ್ತಿತು, ಅದು ಬೇರೆ ಮಾತು.) ನಮ್ಮದಾದರೋ ವಾರಕ್ಕೆ ಐದು ದಿನ. ಅಂದರೆ ವರ್ಷಕ್ಕೆ ಸುಮಾರು 250 ಕಂತು. ಇಷ್ಟು ಹೊಟ್ಟೆಗೆ ಹಾಕಲು ಕತೆ ಎಲ್ಲಿಂದ ತರುವುದು? ಆದ್ದರಿಂದ ಕ್ಷಣಾರ್ಧದಲ್ಲಿ ರೂಪ ಬದಲಿಸಬಲ್ಲವಳು ಮನೆಯೊಳಗಿನ ಪಿತೂರಿಗಳ ನಡುವೆ ಸಿಕ್ಕಿ ಒದ್ದಾಡಬೇಕಾಯಿತು. ಗುಡುಗಿನ ಸದ್ದಿನೊಡನೆ ಒಂದೇ ಮುಖವನ್ನು ಮೂರು ಸಲ ತೋರಿಸಬೇಕಾಯಿತು. ಸಾಲದ್ದಕ್ಕೆ 2020ರಲ್ಲಿ ‘ನಾಗಿಣಿ 2’ ಎಂದು ಹೊಸ ಹುತ್ತವನ್ನೂ ತೆರೆದರು.

ಹಾವಿನ ಸೇಡಿಗೆ ಕೊನೆ ಕಾಣಿಸುವುದು ನಮ್ಮವರಿಗೆ ಗೊತ್ತಿಲ್ಲವೆ? ತಕ್ಷಕ ಪರೀಕ್ಷಿತನನ್ನು ಕೊಂದ. ಮಗ ಜನಮೇಜಯ ಸರ್ಪಯಾಗ ಹೂಡಿದ. ಬಾಲಕ ಆಸ್ತೀಕ ಬಂದು ಯಾಗವನ್ನು ನಿಲ್ಲಿಸಿದ. ಇಂಥ ಪ್ರಸಂಗವನ್ನು ಊರಿನ ಮೇಳಗಳು ಒಂದೇ ರಾತ್ರಿಯಲ್ಲಿ ಆಡಿ ಮುಗಿಸುತ್ತವೆ. ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಜನಪದ ಕತೆಯ ನಾಗನಿಗೆ ಗಂಡನ ರೂಪ ಕೊಟ್ಟು ಒಂದು ಹೆಣ್ಣಿನ ಬಾಳನ್ನೇ ತೋರಿಸಿದರು. 1997ರಲ್ಲಿ ನಾಗಾಭರಣರು ಅದನ್ನು ಚಿತ್ರ ಮಾಡಿದರು. ಎರಡೂ ಒಂದು ಸಂಜೆಯ ಹೊತ್ತು.

‘ಜನ ನೋಡುತ್ತಾರೆ, ನಾವು ಕೊಡುತ್ತೇವೆ’ ಎಂಬುದು ವಾಹಿನಿಗಳ ಹಳೆಯ ಉತ್ತರ. ಎರಡು ಲೋಕಲ್ ಬದಲಿಸಿ ರಾತ್ರಿ ಮನೆ ಸೇರಿದವನು ತಟ್ಟೆಯ ಮುಂದೆ ಕುಳಿತಾಗ ಎದುರಿಗೆ ಇದ್ದುದನ್ನು ನೋಡುತ್ತಾನೆ. ಅದನ್ನು ಮೆಚ್ಚುಗೆ ಎಂದು ಲೆಕ್ಕ ಬರೆದುಕೊಳ್ಳುವುದು ಯಾವ ನ್ಯಾಯ?

ನನಗೆ ಹೆಚ್ಚು ನೋವಾಗುವುದು ಮಕ್ಕಳ ವಿಷಯದಲ್ಲಿ. ದಕ್ಷಿಣ ಕನ್ನಡ, ಉಡುಪಿ ಕಡೆಯ ನಮ್ಮ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ಮೂಲದ ನಾಗಬನವಿದೆ. ಅಲ್ಲಿ ಮರ ಕಡಿಯುವಂತಿಲ್ಲ, ಮೈಲಿಗೆಯಲ್ಲಿ ಕಾಲಿಡುವಂತಿಲ್ಲ. ತಂಬಿಲಕ್ಕೋ ಆಶ್ಲೇಷಾ ಬಲಿಗೋ ರಜೆ ಹಾಕಿ ಹೋಗುತ್ತೇವೆ. ನಂಬಲಿ ಬಿಡಲಿ, ಆ ಭಯದಲ್ಲಿ ಒಂದು ಸಂಯಮವಿದೆ. ವಸಾಯಿ, ಡೊಂಬಿವಲಿಯಲ್ಲಿ ಬೆಳೆಯುವ ಮಗುವಿಗೆ ನಾಗನೆಂದರೆ ಕಂಪ್ಯೂಟರಿನಲ್ಲಿ ಬರೆದ ಹೊಳೆಯುವ ಕಣ್ಣು, ಅಷ್ಟೇ. ಕನ್ನಡ ಕಲಿಯಲೆಂದು ನಾವೇ ಮಗುವನ್ನು ಆ ಪೆಟ್ಟಿಗೆಯ ಮುಂದೆ ಕೂರಿಸುತ್ತೇವೆ!

2019ರಿಂದ ಪ್ರತಿ ವಾಹಿನಿಯನ್ನೂ ಆರಿಸಿ ಹಣ ಕಟ್ಟುವ ವ್ಯವಸ್ಥೆ ಬಂದಿದೆ. ಮುಂಬಯಿಯಲ್ಲಿ ಕುಳಿತು ಕನ್ನಡ ವಾಹಿನಿಗೆ ಹಣ ಕಟ್ಟುವ ಮನೆಗಳಿಂದ ಒಂದೊಂದು ಕಾಗದ ಬೆಂಗಳೂರಿಗೆ ಹೋಗಲಿ: ಮುಂದಿನ ನಾಗಿಣಿ ಎಷ್ಟು ಕಂತು ಎಂದು ಮೊದಲೇ ತಿಳಿಸಿ, ಆಮೇಲೆ ಶುರುಮಾಡಿ.