ಪುಟ ಆರು, ಅಕ್ಷರ ಹತ್ತು, ಓದುವವರು ಯಾರು?

ಎಂಜಿನಿಯರಿಂಗ್ ಕಾಲೇಜಿನ ‘ಅಂತರರಾಷ್ಟ್ರೀಯ ಸಮ್ಮೇಳನ’ದ ಕರಪತ್ರ ಕೈಗೆ ಸಿಕ್ಕರೆ ಒಮ್ಮೆ ನಿಧಾನವಾಗಿ ಓದಿ. ಪ್ರಬಂಧ ಆರು ಪುಟ ದಾಟುವಂತಿಲ್ಲ. ಎರಡು ಕಾಲಂ, ಟೈಮ್ಸ್ ನ್ಯೂ ರೋಮನ್, ಅಕ್ಷರದ ಗಾತ್ರ 10. ಚಿತ್ರದ ವಿವರ ಚಿತ್ರದ ಕೆಳಗೆ, ಕೋಷ್ಟಕದ್ದು ಮೇಲೆ. ಪುಟ ಹೆಚ್ಚಾದರೆ ಪುಟಕ್ಕಿಷ್ಟು ಎಂದು ದುಡ್ಡು. ನಕಲಿನ ಪ್ರಮಾಣ ಇಷ್ಟು ಶೇಕಡಾ ಮೀರಬಾರದು. ವಿದ್ಯಾರ್ಥಿಗೊಂದು ದರ, ಅಧ್ಯಾಪಕರಿಗೊಂದು, ಕಂಪನಿಯವರಿಗೆ ಮತ್ತೊಂದು, ಹೊರದೇಶದವರಿಗೆ ಡಾಲರಿನಲ್ಲಿ. ಕೊನೆಗೆ ದಪ್ಪಕ್ಷರದಲ್ಲಿ, ನೋಂದಣಿಯಾದ ಪ್ರಬಂಧಗಳೆಲ್ಲ ಸ್ಕೋಪಸ್ ಎಂಬ ಸಂಶೋಧನಾ ಸೂಚಿಯಲ್ಲಿರುವ ಜರ್ನಲ್ಲಿನ ವಿಶೇಷ ಸಂಚಿಕೆಯಲ್ಲಿ ಬರುತ್ತವೆ ಎಂಬ ಭರವಸೆ. ಬಂದ ಪ್ರಬಂಧವನ್ನು ಯಾರು ಓದುತ್ತಾರೆ, ಓದಲು ಅವರಿಗೆ ಎಷ್ಟು ದಿನ ಸಿಗುತ್ತದೆ, ಬೇಡ ಎನ್ನುವ ಅಧಿಕಾರ ಯಾರಿಗಿದೆ ಎಂಬುದು ಮಾತ್ರ ಎಲ್ಲೂ ಕಾಣುವುದಿಲ್ಲ.

ಸಮ್ಮೇಳನ ಸಂಚಿಕೆಗಳ ಮಟ್ಟ ಕುಸಿದಿದೆ ಎಂದು ಗೊಣಗುವವರು ಸಾಮಾನ್ಯವಾಗಿ ಸಂಶೋಧಕರ ಕಡೆಗೇ ಬೆರಳು ತೋರಿಸುತ್ತಾರೆ. ನನ್ನ ತಕರಾರು ಸಂಚಿಕೆಯನ್ನು ಕಟ್ಟುವವರ ಮೇಲೆ. ಸಮ್ಮೇಳನದ ಸಂಚಾಲಕರೇ ಬಹುಮಟ್ಟಿಗೆ ಅದರ ಅತಿಥಿ ಸಂಪಾದಕರೂ ಆಗಿರುತ್ತಾರೆ. ಸಭಾಂಗಣ, ಊಟ, ಕಿಟ್ ಬ್ಯಾಗು, ಮುಖ್ಯ ಅತಿಥಿಯ ವಿಮಾನದ ಟಿಕೆಟ್ಟು, ಪ್ರಕಾಶಕರಿಗೆ ಕಟ್ಟಬೇಕಾದ ಮೊತ್ತ, ಇವೆಲ್ಲದರ ದೊಡ್ಡ ಪಾಲು ನೋಂದಣಿ ಶುಲ್ಕದಿಂದಲೇ ಬರಬೇಕು. ಪ್ರಬಂಧ ತಿರಸ್ಕರಿಸಿದರೆ ಆ ಶುಲ್ಕವೂ ಹೋಯಿತು. ಹೀಗಿರುವಾಗ ಪರಿಶೀಲಕರ ಟಿಪ್ಪಣಿ ‘ಭಾಷೆ ಸುಧಾರಿಸಿ, ಉಲ್ಲೇಖಗಳನ್ನು ನಮೂನೆಗೆ ಹೊಂದಿಸಿ’ ಎಂಬಲ್ಲಿಗೆ ಮುಗಿದರೆ ಅಚ್ಚರಿಪಡಬೇಕಾದ್ದೇನಿಲ್ಲ.

ಇದು ನಮ್ಮೂರಿನ ರೋಗ ಮಾತ್ರವಲ್ಲ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳನ್ನು ತಾನಾಗಿಯೇ ಹೊಸೆಯುವ ‘ಸೈಜೆನ್’ ಎಂಬ ತಂತ್ರಾಂಶ ಬರೆದರು. ಅದು ಹೊಸೆದ ಒಂದು ಪ್ರಬಂಧವನ್ನು ಫ್ಲಾರಿಡಾದ ಸಮ್ಮೇಳನವೊಂದು ಪರಿಶೀಲನೆಯೇ ಇಲ್ಲದೆ ಒಪ್ಪಿಕೊಂಡಿತು. ಲೋಕ ನಕ್ಕು ಸುಮ್ಮನಾಯಿತು. ಆದರೆ 2014ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಸಿರಿಲ್ ಲಾಬೆ ಹುಡುಕಿ ತೆಗೆದಾಗ, ಅದೇ ತಂತ್ರಾಂಶದ 120ಕ್ಕೂ ಹೆಚ್ಚು ಪ್ರಬಂಧಗಳು ಸಮ್ಮೇಳನ ಸಂಪುಟಗಳಲ್ಲಿ ಸದ್ದಿಲ್ಲದೆ ಕೂತಿದ್ದವು. ಪ್ರಕಟಿಸಿದವರು ಬೀದಿಬದಿಯ ಪ್ರಕಾಶಕರೇನಲ್ಲ. ಸ್ಪ್ರಿಂಗರ್ 16ನ್ನು ತೆಗೆದುಹಾಕಿತು, ಐಇಇಇ ನೂರಕ್ಕೂ ಹೆಚ್ಚನ್ನು. ಆ ಪ್ರಬಂಧಗಳಲ್ಲಿ ಕಾಲಂ ಎರಡಿತ್ತು, ಅಕ್ಷರ ಸರಿಯಿತ್ತು, ಉಲ್ಲೇಖಗಳ ಪಟ್ಟಿಯೂ ಇತ್ತು. ನಮೂನೆಯನ್ನು ಚಾಚೂ ತಪ್ಪದೆ ಪಾಲಿಸುವುದು ಯಂತ್ರಕ್ಕೆ ಮನುಷ್ಯನಿಗಿಂತ ಸಲೀಸು.

ನಕಲಿನ ಶೇಕಡಾವಾರು ಮಿತಿಯ ಕಥೆ ಇನ್ನೂ ಸ್ವಾರಸ್ಯದ್ದು. ಸಾಮ್ಯ ಪತ್ತೆ ತಂತ್ರಾಂಶ ಪದಗಳನ್ನು ಹೋಲಿಸುತ್ತದೆ, ಆಲೋಚನೆಯನ್ನಲ್ಲ. ಹಾಗಾಗಿ ಕದ್ದ ಬರಹದ ಪ್ರತಿ ಪದಕ್ಕೂ ಪರ್ಯಾಯ ಪದ ತುರುಕುವ ಉಪಾಯ ಹುಟ್ಟಿತು. ಕೃತಕ ಬುದ್ಧಿಮತ್ತೆ ಹೋಗಿ ‘ಖೋಟಾ ಪ್ರಜ್ಞೆ’ ಆಯಿತು, ಸ್ತನ ಕ್ಯಾನ್ಸರ್ ‘ಎದೆಯ ಅಪಾಯ’ ಆಯಿತು. ಸಂಶೋಧಕರಾದ ಗಿಯೋಮ್ ಕಬನಾಕ್, ಲಾಬೆ ಮತ್ತು ಅಲೆಕ್ಸಾಂಡರ್ ಮಗಾಜಿನೋವ್ 2021ರಲ್ಲಿ ಇಂಥ ತಿರುಚಿದ ನುಡಿಗಟ್ಟುಗಳನ್ನು ಪಟ್ಟಿಮಾಡಿ ಹುಡುಕಲು ಹೊರಟರು. ಮರುವರ್ಷವೇ ಬ್ರಿಟನ್ನಿನ ಐಒಪಿ ಪಬ್ಲಿಷಿಂಗ್ ತನ್ನ ಸಮ್ಮೇಳನ ಸರಣಿಗಳಿಂದ ಫೆಬ್ರುವರಿಯಲ್ಲಿ 350 ಪ್ರಬಂಧಗಳನ್ನು ಹಿಂತೆಗೆದುಕೊಂಡಿತು, ಸೆಪ್ಟೆಂಬರಿನಲ್ಲಿ ಮತ್ತೆ ಸುಮಾರು 500. ಪ್ರಬಂಧದ ವಿಷಯ ತಿಳಿದ ಒಬ್ಬರು ಮೊದಲ ಪುಟ ಓದಿದ್ದರೂ ಸಾಕಿತ್ತು, ‘ಖೋಟಾ ಪ್ರಜ್ಞೆ’ ಅಚ್ಚಿನ ಮನೆ ಕಾಣುತ್ತಿರಲಿಲ್ಲ.

ಅತಿಥಿ ಸಂಪಾದಕರ ಕೈಗೆ ಬೀಗದಕೈ ಕೊಟ್ಟು ಜರ್ನಲ್ಲಿನ ಖಾಯಂ ಸಂಪಾದಕರು ಮಲಗಿದರೆ ಏನಾಗುತ್ತದೆ ಎಂಬುದಕ್ಕೆ ಭೂವಿಜ್ಞಾನದ ‘ಅರೇಬಿಯನ್ ಜರ್ನಲ್ ಆಫ್ ಜಿಯೋಸೈನ್ಸಸ್’ ನೋಡಬೇಕು. ಅದರ ವಿಶೇಷ ಸಂಚಿಕೆಗಳಲ್ಲಿ ಸಂಗೀತ ಶಿಕ್ಷಣ, ಏರೋಬಿಕ್ಸ್ ತರಬೇತಿಯ ವಿಚಾರಗಳೆಲ್ಲ ಮಳೆ, ಸಮುದ್ರದ ಜೊತೆ ಬೆರೆತು ಬಂದವು. 2021ರಲ್ಲಿ 44 ಪ್ರಬಂಧಗಳನ್ನು ಹಿಂತೆಗೆಯಬೇಕಾಯಿತು. ಹಿಂದಾವಿ ಎಂಬ ಪ್ರಕಾಶನ ಸಂಸ್ಥೆಯದು ಇದಕ್ಕಿಂತ ದೊಡ್ಡ ಹಗರಣ. 2023ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರಬಂಧ ಹಿಂಪಡೆದ ಮೇಲೆ, ಅದನ್ನು ಕೊಂಡಿದ್ದ ವೈಲಿ ಸಂಸ್ಥೆ ಆ ಹೆಸರನ್ನೇ ಕೈಬಿಡಲು ನಿರ್ಧರಿಸಿತು. ಅಲ್ಲೂ ರಂಧ್ರ ಬಿದ್ದದ್ದು ಬಹುಪಾಲು ವಿಶೇಷ ಸಂಚಿಕೆಗಳಲ್ಲೇ.

ನಮ್ಮಲ್ಲಿ ಈ ಸಂತೆಗೆ ಗಿರಾಕಿಗಳನ್ನು ಕಳುಹಿಸಿದ್ದು ನಿಯಮವೇ. ಯುಜಿಸಿಯ 2016ರ ನಿಯಮಾವಳಿ ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಜರ್ನಲ್ಲಿನಲ್ಲಿ ಒಂದು ಪ್ರಬಂಧ ಪ್ರಕಟಿಸಬೇಕು, ಎರಡು ಸಮ್ಮೇಳನಗಳಲ್ಲಿ ಮಂಡಿಸಬೇಕು ಎಂದಿತು. 2022ರಲ್ಲಿ ಆ ಕಡ್ಡಾಯವನ್ನು ತೆಗೆದರು. ಒಳ್ಳೆಯ ಜರ್ನಲ್‌ಗಳ ಪಟ್ಟಿಯೆಂದು ಮಾಡಿದ್ದ ಯುಜಿಸಿ–ಕೇರ್ 2025ರಲ್ಲಿ ಮುಗಿಯಿತು; ಯಾವುದು ಒಳ್ಳೆಯದೆಂದು ಆಯಾ ಸಂಸ್ಥೆಯೇ ತೀರ್ಮಾನಿಸಿಕೊಳ್ಳಬೇಕು. ಬಡ್ತಿ, ನ್ಯಾಕ್ ಮಾನ್ಯತೆ, ಎನ್‌ಐಆರ್‌ಎಫ್ ಶ್ರೇಯಾಂಕ ಎಂದು ಪ್ರಬಂಧ ಎಣಿಸುವ ಅಭ್ಯಾಸ ಮಾತ್ರ ಉಳಿದಿದೆ.

ಇದಕ್ಕೆ ಒಂದು ಎದುರು ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಸಮ್ಮೇಳನವಿರುವುದೇ ಇನ್ನೂ ಬಲಿಯದ ಕೆಲಸವನ್ನು ನಾಲ್ಕು ಜನರ ಮುಂದಿಡಲು, ಅಲ್ಲಿಗೂ ಜರ್ನಲ್ಲಿನ ಬಿಗಿ ತಂದರೆ ಹೊಸಬರು ಬಾಯಿ ಬಿಡುವುದಾದರೂ ಎಲ್ಲಿ? ನಿಜ. ಸಿ.ವಿ. ರಾಮನ್ ತಮ್ಮ ‘ಹೊಸ ವಿಕಿರಣ’ದ, ಅಂದರೆ ರಾಮನ್ ಪರಿಣಾಮದ ಬಗ್ಗೆ ವಿವರವಾಗಿ ಮಾತಾಡಿದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಆ ಪರಿಣಾಮ ಕಂಡು ಮೂರು ವಾರವೂ ಆಗಿರಲಿಲ್ಲ. ಅದೇ ತಿಂಗಳ ಕೊನೆಗೆ ಭಾಷಣ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಯಿತು. ಈಗಿನ ಎಷ್ಟೋ ಸಂಚಿಕೆಗಳಿಗೂ ಆ ವೇಗವಿಲ್ಲ. ಆದರೆ ಬರಹದೊಂದಿಗೆ ರೋಹಿತದ ಛಾಯಾಚಿತ್ರವಿತ್ತು, ಪ್ರಯೋಗವನ್ನು ಇನ್ನೊಬ್ಬರು ಮಾಡಿನೋಡಲು ಬೇಕಾದ ವಿವರವಿತ್ತು. ಅದರ ಪ್ರತಿಗಳನ್ನು ರಾಮನ್ ಹೊರದೇಶದ ವಿಜ್ಞಾನಿಗಳಿಗೆ ತಾವೇ ಅಂಚೆಯಲ್ಲಿ ಕಳುಹಿಸಿದರು. ಕೆಲವೇ ತಿಂಗಳಲ್ಲಿ ಅಮೆರಿಕದ ಆರ್.ಡಬ್ಲ್ಯು. ವುಡ್ ಪ್ರಯೋಗ ಮಾಡಿ ಖಚಿತಪಡಿಸಿ ‘ನೇಚರ್’ ಪತ್ರಿಕೆಗೆ ತಂತಿ ಹೊಡೆದರು. ಅವಸರದಿಂದ ಆ ಕೆಲಸಕ್ಕೇನೂ ಕುಂದಾಗಲಿಲ್ಲ, ಪರೀಕ್ಷೆಗೆ ಅದು ಅಷ್ಟು ತೆರೆದುಕೊಂಡಿತ್ತು.

ಪರಿಶೀಲನೆಯೇ ಅದೃಷ್ಟದಾಟ ಎನ್ನುವವರೂ ಇದ್ದಾರೆ, ಅವರ ಕೈಯಲ್ಲಿ ಪುರಾವೆಯೂ ಇದೆ. 2014ರಲ್ಲಿ ಯಂತ್ರಕಲಿಕೆಯ ಪ್ರತಿಷ್ಠಿತ ನಿಪ್ಸ್ ಸಮ್ಮೇಳನ 166 ಪ್ರಬಂಧಗಳನ್ನು ಎರಡು ಸಮಿತಿಗಳಿಗೆ ಪ್ರತ್ಯೇಕವಾಗಿ ಕೊಟ್ಟು ನೋಡಿತು. ಒಂದು ಸಮಿತಿ ಒಪ್ಪಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಬೇಡವೆಂದಿತು. ಪರಿಶೀಲನೆ ಅಷ್ಟು ಒರಟು ಜರಡಿ. ಆದರೂ ತಮ್ಮ ಒರಟುತನವನ್ನು ತಾವೇ ಅಳೆದು ಲೋಕಕ್ಕೆ ಹೇಳಿದವರಿಗೂ, ಜರಡಿಯನ್ನೇ ಹಿಡಿಯದವರಿಗೂ ಅಜಗಜಾಂತರ.

ಹಾಗಾದರೆ ಏನು ಕೇಳಬೇಕು? ಮೊದಲು ಶುಲ್ಕಕ್ಕೂ ಪ್ರಕಟಣೆಗೂ ಇರುವ ನಂಟು ಕಡಿಯಬೇಕು. ದುಡ್ಡು ಕೊಟ್ಟವರಿಗೆ ಮಾತಾಡುವ ಅವಕಾಶ, ಊಟ, ಪ್ರಮಾಣಪತ್ರ ಎಲ್ಲ ಸಿಗಲಿ. ಪ್ರಬಂಧವನ್ನು ಸಮ್ಮೇಳನ ಮುಗಿದ ಮೇಲೆ, ಸಭೆಯಲ್ಲಿ ಎದ್ದ ಪ್ರಶ್ನೆಗಳಿಗೆ ಉತ್ತರವನ್ನೂ ಸೇರಿಸಿ ಸಲ್ಲಿಸಲಿ. ಅದನ್ನು ಜರ್ನಲ್ಲಿನ ಖಾಯಂ ಸಂಪಾದಕರು ಸಂಚಾಲಕ ಸಮಿತಿಗೆ ಸೇರದವರಿಂದ ಓದಿಸಲಿ. ನೋಂದಣಿ ಕುಸಿಯುತ್ತದೆ ಎಂದು ಸಂಚಾಲಕರು ಹೇಳುತ್ತಾರೆ. ಕುಸಿಯಲಿ. ಪ್ರಬಂಧದ ಆಸೆಗಷ್ಟೇ ಬಂದು, ತಮ್ಮ ಸರದಿ ಮುಗಿದೊಡನೆ ಸಭಾಂಗಣ ಖಾಲಿ ಮಾಡುವವರಿಂದ ಸಮ್ಮೇಳನಕ್ಕೆ ಆಗುವ ಲಾಭವೂ ಅಷ್ಟರಲ್ಲೇ ಇದೆ.

ಪುಟದ ಮಿತಿ ಇರಲಿ, ಅದರಿಂದ ಬರಹಕ್ಕೆ ಶಿಸ್ತು ಬರುತ್ತದೆ. ದತ್ತಾಂಶ, ಪ್ರೋಗ್ರಾಂ, ಪ್ರಯೋಗದ ಪೂರ್ಣ ವಿವರ ಆ ಮಿತಿಯ ಹೊರಗೆ, ಬೇಕಾದವರು ತೆರೆದು ನೋಡುವಂತಿರಬೇಕು. ಬಲಿಯದ ಕೆಲಸವಾದರೆ ‘ಪ್ರಾಥಮಿಕ ವರದಿ’ ಎಂದು ತಲೆಬರಹದಲ್ಲೇ ಹಾಕಿ, ಬಡ್ತಿಯ ಲೆಕ್ಕಕ್ಕೆ ಅದನ್ನು ತೆಗೆದುಕೊಳ್ಳದಿದ್ದರೆ ಹೊಸಬರ ಬಾಯಿಗೂ ಬೀಗ ಬೀಳದು. ಅತಿಥಿ ಸಂಪಾದಕರ ಸ್ವಂತ ಪ್ರಬಂಧಗಳ ವಿಷಯದಲ್ಲಿ ಮುಕ್ತ ಜರ್ನಲ್‌ಗಳ ಸೂಚಿ ಡಿಒಎಜೆ ಈಗಾಗಲೇ ಗೆರೆ ಎಳೆದಿದೆ: ಅವು ಸಂಚಿಕೆಯ ಶೇ 25ನ್ನು ದಾಟಬಾರದು, ಅವುಗಳ ಪರಿಶೀಲನೆ ಬೇರೆಯವರ ಕೈಯಲ್ಲಿರಬೇಕು. ನನ್ನನ್ನು ಕೇಳಿದರೆ ಕಾಲು ಭಾಗವೂ ಉದಾರವೇ.

ಇನ್ನು ಸಂಚಿಕೆ ಹೊರಬಂದು ವರ್ಷಗಳ ಮೇಲೆ ತಪ್ಪು ಕಂಡವರು ಯಾರಿಗೆ ಬರೆಯಬೇಕು ಎಂಬುದು. ಅಷ್ಟರಲ್ಲಿ ಸಮ್ಮೇಳನದ ಜಾಲತಾಣ ಮುಚ್ಚಿರುತ್ತದೆ, ಸಂಚಾಲಕರು ಬೇರೆ ಕಾಲೇಜಿಗೆ ಹೋಗಿರುತ್ತಾರೆ, ಅವರ ಹಳೆಯ ಇಮೇಲ್ ವಿಳಾಸಕ್ಕೆ ಕಳುಹಿಸಿದ್ದು ಹಾಗೇ ವಾಪಸ್ಸಾಗುತ್ತದೆ. ಪ್ರತಿ ಪ್ರಬಂಧದ ಮೇಲೂ ಅದನ್ನು ಒಪ್ಪಿದ ಸಂಪಾದಕರ ಹೆಸರು ಅಚ್ಚಾಗಬೇಕು. ಪ್ಲಾಸ್ ಒನ್ ಮೊದಲಾದ ಕೆಲವು ಜರ್ನಲ್‌ಗಳು ಇದನ್ನು ಮಾಡಿಕೊಂಡೇ ಬಂದಿವೆ. ಆರು ಪುಟದ ಮಿತಿಯೊಳಗೂ ಅದಕ್ಕೆ ಒಂದು ಸಾಲಿನ ಜಾಗ ಸಿಕ್ಕೇ ಸಿಗುತ್ತದೆ.